ರೋಗಶಯ್ಯೆಯ ಬಳಿಯಲ್ಲಿ ಧೈರ್ಯ

ಗ್ರೀಕರ ಸ್ಟೋಯಿಕ ದರ್ಶನವೆಂದರೆ ಸುಖದುಃಖಗಳಿಗೆ ಕಲ್ಲಾಗಿ ಕುಳಿತುಕೊಳ್ಳುವ ವಿದ್ಯೆಯೆಂದು ಅನೇಕರು ತಿಳಿದಿರುವರು. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಆ ಪಂಥದ ಆಚಾರ್ಯನಾದ ಎಪಿಕ್ಟೀಟಸನು ಕ್ರಿಸ್ತಶಕ 1ನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ದಾಸನಾಗಿದ್ದು, ಬಿಡುಗಡೆಹೊಂದಿ, ಕಡೆಗೆ ಗ್ರೀಸಿನ ನಿಕೊಪೊಲಿಸ್ ಎಂಬ ಊರಿನಲ್ಲಿ ಪಾಠಶಾಲೆಯನ್ನು ನಡೆಸಿದನು. ಶಿಷ್ಯನಾದ ಅರಿಯನನು ಬರೆದಿಟ್ಟ ಅವನ ಉಪದೇಶಗಳಲ್ಲಿ ಒಂದು ಪ್ರಸಂಗವು ಗೃಹಸ್ಥರು ಅವಶ್ಯವಾಗಿ ತಿಳಿಯತಕ್ಕದ್ದಾಗಿದೆ.

ಒಬ್ಬ ಅಧಿಕಾರಿಯು ಅವನನ್ನು ಕಾಣಬಂದನು. ತನ್ನ ಪುಟ್ಟ ಮಗಳಿಗೆ ಕಾಯಿಲೆಯು ವಿಷಮಿಸಿದಾಗ ನೋಡಲಾರದೆ ಮನೆಬಿಟ್ಟು ಹೋಗಿ, ಗುಣವಾಯಿತೆಂಬ ಸುದ್ದಿ ಬಂದಮೇಲೆಯೇ ಹಿಂದಿರುಗಿದುದಾಗಿ ಹೇಳಿ, ತಂದೆಯಾದವನಿಗೆ ಇದು ಸಹಜವಲ್ಲವೆ ಎಂದನು. ಆಚಾರ್ಯನು ಪ್ರಶ್ನಿಸತೊಡಗಿದನು. ಮಗುವಿನ ಮೇಲೆ ತಾಯಿಗೆ ಪ್ರೀತಿಯಿಲ್ಲವೆ? ದಾದಿಗೆ? ಪರಿಚಾರಕನಿಗೆ? ಪ್ರೀತಿಯ ದೆಸೆಯಿಂದ ಅವರೆಲ್ಲರೂ ಹೊರಟುಹೋಗಿದ್ದರೆ ಆ ಮಗುವಿಗೆ ಗತಿ ಯಾರು? ತಾನು ಮಲಗಿದಾಗ ಮನೆಯವರು ತನ್ನನ್ನೂ ಹೀಗೆಯೇ ಪ್ರೀತಿಸಲೆಂದು ಅವನು ಬಯಸುವನೆ? ತಂದೆಯನ್ನು ಓಡಿಸಿದುದು, ಓಡುವುದೇ ಉಚಿತವೆಂದು ಅವನ ಮನಸ್ಸು ಮಾಡಿಕೊಂಡ ನಿಶ್ಚಯವೆಂಬುದು ಆಚಾರ್ಯನ ನಿರ್ಣಯ. ಜ್ವರವು ನಮ್ಮ ವಶದಲ್ಲಿಲ್ಲ; ಮಂಚದ ಬಳಿ ಕುಳಿತಿರುವುದೋ ಎದ್ದುಹೋಗುವುದೋ ನಮ್ಮ ವಶದಲ್ಲಿದೆ.

ಇಂತಹ ತಂದೆಯರು ನಮ್ಮ ಮನೆಗಳಲ್ಲಿಯೂ ಅಪೂರ್ವರಲ್ಲ. ‘ನನ್ನಿಂದ ನೋಡಲಾಗದು’ ಎಂದು ಜಗುಲಿ ಸೇರುವವನನ್ನು ಕರುಳುಳ್ಳವನೆಂದು ಹೊಗಳುವೆವು. ರಾತ್ರಿಯೆಲ್ಲ ಹಣೆಗೆ ಒದ್ದೆಬಟ್ಟೆ ಹಾಕುತ್ತ ಕಣ್ಣೀರನ್ನು ತಡೆದುಕೊಂಡವಳನ್ನು ಗಟ್ಟಿಗಿತ್ತಿಯೆಂದು ಹೇಳಿ ಸುಮ್ಮನಾಗುವೆವು. ಅವಳಲ್ಲಿರುವುದು ನಮ್ಮ ಹಿರಿಯರು ತಿತಿಕ್ಷೆಯೆಂದ ಗುಣ. ತೇಜಸ್ಸು, ತೀಕ್ಷ್ಣ ಎಂಬ ಪದಗಳಿಗೆ ಮೂಲವಾದ, ಹರಿತಗೊಳಿಸುವ ಅರ್ಥವುಳ್ಳ ಧಾತುವಿನಿಂದಲೇ ಈ ಪದವೂ ಹುಟ್ಟಿರುವುದರಿಂದ, ಸಹನೆಯನ್ನು ಜಡತ್ವವೆನ್ನಲು ವ್ಯಾಕರಣವೂ ಒಪ್ಪದು. ಆದರೆ ಮಗುವನ್ನು ಮುದ್ದಿಸುವಾಗ ಅದು ಮರ್ತ್ಯವೆಂದು ನೆನೆಯಬೇಕೆಂದು ಇದೇ ಆಚಾರ್ಯನು ಬೇರೊಂದೆಡೆ ಹೇಳಿರುವನು. ಅದನ್ನು ಯಾವ ತಾಯಿಗೂ ಉಪದೇಶಿಸಲು ನಮಗೆ ಬಾಯಿ ಬಾರದು.

ಇಂತಹ ಧೈರ್ಯವು ಜ್ವರದ ರಾತ್ರಿಯಲ್ಲಿಯೇ ಹುಟ್ಟುವುದಿಲ್ಲ. ಚೆಲ್ಲಿದ ಎಣ್ಣೆಯಂತಹ ಚಿಕ್ಕ ನಷ್ಟಗಳಿಂದಲೇ ಅಭ್ಯಾಸವನ್ನು ಆರಂಭಿಸಬೇಕೆಂದು ಎಪಿಕ್ಟೀಟಸನು ವಿಧಿಸಿದನು. ಅವನ ಮನೆಯ ಕಬ್ಬಿಣದ ದೀಪವನ್ನು ಕಳ್ಳನು ಒಯ್ದಾಗ, ನಾಳೆ ಮಣ್ಣಿನದೊಂದು ಸಿಕ್ಕೀತೆಂದುಕೊಂಡನು. ಅವನ ಮರಣಾನಂತರ ಆ ಮಣ್ಣಿನ ದೀಪವನ್ನು ಒಬ್ಬನು 3000 ದ್ರಾಕ್ಮಗಳಿಗೆ ಕೊಂಡನಂತೆ. ಅದರ ಬೆಳಕಿನಲ್ಲಿ ಓದಿದರೆ ಆ ಮುದುಕನ ಜ್ಞಾನವು ನಿದ್ದೆಯಲ್ಲಿಯೇ ತನಗೂ ಬಂದೀತೆಂದು ಅವನು ನಂಬಿದ್ದನೆಂದು ಲೂಸಿಯನನೆಂಬ ಲೇಖಕನು ಹಾಸ್ಯಮಾಡಿರುವನು.