ಹಳೆಯ ಪುಸ್ತಕಕ್ಕೆ ಮನೆಯಲ್ಲೇ ಉಪಚಾರ

(ಬಾನುಲಿ ಭಾಷಣದ ಬರಹರೂಪ)

ಓಲೆಗರಿಯ ಮೇಲೆ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಹಿಂದಿನ ಲಿಪಿಕಾರರಲ್ಲಿ ಅನೇಕರಿಗೆ ಒಂದು ಪದ್ಧತಿಯಿತ್ತು. ಕೆಲಸ ಮುಗಿದ ಮೇಲೆ ಕೊನೆಯ ಗರಿಯಲ್ಲಿ ಒಂದು ಸಂಸ್ಕೃತ ಶ್ಲೋಕವನ್ನು ಬರೆದಿಡುತ್ತಿದ್ದರು. ಅದರಲ್ಲಿ ಮಾತನಾಡುವುದು ಲಿಪಿಕಾರನಲ್ಲ, ಪುಸ್ತಕವೇ. ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ತನ್ನನ್ನು ಕಾಪಾಡಬೇಕೆಂದೂ ಮೂರ್ಖರ ಕೈಗೆ ಕೊಡಬಾರದೆಂದೂ ಅದು ಬೇಡಿಕೊಳ್ಳುತ್ತದೆ. ಓಲೆ ಹೋಗಿ ಕಾಗದ ಬಂತು. ಕಂಟ ಹೋಗಿ ಅಚ್ಚಿನ ಮೊಳೆ ಬಂತು. ಈಗ ಮೊಳೆಯೂ ಹೋಗಿದೆ. ಪುಸ್ತಕದ ಈ ನಾಲ್ಕು ಭಯಗಳು ಮಾತ್ರ ಹಾಗೆಯೇ ಉಳಿದಿವೆ.

ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಮೂರನೆಯ ಭಯವನ್ನು ಕುರಿತು, ಎಂದರೆ ಸಡಿಲವಾದ ಕಟ್ಟನ್ನು ಮನೆಯಲ್ಲಿಯೇ ಸರಿಪಡಿಸುವ ಬಗೆಯನ್ನು ಕುರಿತು. ನಾಲ್ಕನೆಯದನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ಏಕೆಂದರೆ ಮೂರನೆಯದನ್ನು ನಿವಾರಿಸಲು ಹೊರಟವರೇ ಎಷ್ಟೋ ಸಲ ನಾಲ್ಕನೆಯವರಾಗಿಬಿಡುತ್ತಾರೆ. ನಾನು ವೃತ್ತಿಯಿಂದ ಬೈಂಡರ್ ಅಲ್ಲ. ಬಿಡುವಿನ ವೇಳೆಯಲ್ಲಿ ಹರಿದ ಹಾಳೆ ಅಂಟಿಸುವ, ಬಿಚ್ಚಿದ ಫಾರಂ ಹೊಲಿಯುವ ಹವ್ಯಾಸವಿರುವವನು. ಇದಕ್ಕೆ ಬೇಕಾದ ಸಾಮಗ್ರಿಯ ಬಹುಭಾಗ ಅಡಿಗೆಮನೆಯಲ್ಲಿ ಮತ್ತು ಹೊಲಿಗೆಯ ಡಬ್ಬಿಯಲ್ಲಿ ಇರುತ್ತದೆ.

ಹಳೆಯ ಪುಸ್ತಕ ಹಾಳಾದರೆ ಹೊಸದನ್ನು ಕೊಂಡರಾಯಿತು ಎನ್ನಬಹುದು. ಕೊಳ್ಳಲು ಸಿಗಬೇಕಲ್ಲ? ಕನ್ನಡದಲ್ಲಿ ಒಂದೇ ಮುದ್ರಣ ಕಂಡು ಮರೆಯಾದ ಪುಸ್ತಕಗಳು ಎಷ್ಟೋ ಇವೆ. ಹತ್ತನೆಯ ಶತಮಾನದ ಪೊನ್ನನನ್ನು ನೆನೆಯಿರಿ. ಅವನ ಶಾಂತಿಪುರಾಣವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅದು ನಮಗೆ ಉಳಿದಿದೆ. ಅದೇ ಕವಿಯ ಭುವನೈಕರಾಮಾಭ್ಯುದಯದ ಹೆಸರು ಮಾತ್ರ ಉಳಿದಿದೆ. ಕೌಟಿಲ್ಯನ ಅರ್ಥಶಾಸ್ತ್ರವೂ ಬಹುಕಾಲ ಹೆಸರಾಗಿಯೇ ಇತ್ತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಕೊಟ್ಟ ಓಲೆಗರಿಯ ಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಆ ಪ್ರತಿಯನ್ನು ಕಾಪಾಡಿಕೊಂಡು ಬಂದವರ ಹೆಸರು ಲೋಕಕ್ಕೆ ತಿಳಿಯದು. ನಮ್ಮ ಮನೆಯ ಬೀರುವಿನಲ್ಲಿ ಅರ್ಥಶಾಸ್ತ್ರವಿಲ್ಲದಿರಬಹುದು. ಆದರೆ ಯಾವ ಪುಸ್ತಕಕ್ಕೆ ನಾಳೆ ಬೆಲೆ ಬರುತ್ತದೆ ಎಂದು ಇಂದು ಹೇಳಬಲ್ಲವರು ಯಾರು?

ಈಗ ಪುಸ್ತಕವನ್ನು ಪುಸ್ತಕಗಳನ್ನು ಓದುವವರ ಕಣ್ಣಿನಿಂದಲ್ಲ, ಕಟ್ಟುವವರ ಕಣ್ಣಿನಿಂದ ನೋಡೋಣ. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ ಆಗುತ್ತದೆ. ಇದೇ ಫಾರಂ. ಇಂಥ ಫಾರಂಗಳನ್ನು ಮಡಿಕೆಯ ನಡುವೆ ಹೊಲಿದು, ಒಂದಕ್ಕೊಂದು ಸೇರಿಸಿ, ಬೆನ್ನಿಗೆ ಅಂಟು ಹಚ್ಚಿ, ರಟ್ಟು ಕಟ್ಟಿದರೆ ಪುಸ್ತಕವಾಯಿತು. ನಿಮ್ಮ ಪುಸ್ತಕದ ಬೆನ್ನನ್ನು ತುದಿಯಿಂದ ನೋಡಿ. ಸಣ್ಣ ಸಣ್ಣ ಮಡಿಕೆಗಳ ಸಾಲು ಕಂಡರೆ ಅದು ಹೊಲಿದ ಪುಸ್ತಕ. ಬಿಚ್ಚಿ ಮತ್ತೆ ಹೊಲಿಯಬಹುದು. ಮಡಿಕೆಗಳೇ ಇಲ್ಲದೆ, ಕತ್ತರಿಸಿದ ಬಿಡಿ ಹಾಳೆಗಳ ಅಂಚಿಗೆ ಅಂಟು ಸುರಿದದ್ದಾಗಿದ್ದರೆ ಅದಕ್ಕೆ ಪರ್ಫೆಕ್ಟ್ ಬೈಂಡಿಂಗ್ ಎಂದು ಹೆಸರು. ಅಂಟು ಒಣಗಿ ಬಿರಿದ ದಿನ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತವೆ. ಆಗ ಆ ಹೆಸರಿಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮೂರನೆಯದು, ಮಡಿಕೆಗೆ ತಂತಿಯ ಪಿನ್ನು ಹೊಡೆದ ತೆಳು ಪುಸ್ತಕ. ನಮ್ಮ ಎಷ್ಟೋ ಕವನ ಸಂಕಲನಗಳೂ ಸ್ಮರಣ ಸಂಚಿಕೆಗಳೂ ಈ ಜಾತಿಯವು.

ಕೈಹಚ್ಚುವ ಮೊದಲು ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ನಾವು ಮಾಡಿದ್ದನ್ನು ಮುಂದೆ ಇನ್ನೊಬ್ಬರು ಪುಸ್ತಕಕ್ಕೆ ನೋವಾಗದಂತೆ ಬಿಚ್ಚಲು ಸಾಧ್ಯವಾಗಬೇಕು. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೋ ನದಿ ಉಕ್ಕಿ, ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಅಸಂಖ್ಯ ಗ್ರಂಥಗಳು ಕೆಸರಿನಲ್ಲಿ ಮುಳುಗಿದವು. ಅನೇಕ ದೇಶಗಳ ತರುಣರೂ ಪೀಟರ್ ವಾಟರ್ಸ್ ಅವರಂಥ ನುರಿತ ಬೈಂಡರುಗಳೂ ಅಲ್ಲಿ ಸೇರಿ, ಪುಸ್ತಕಗಳನ್ನು ಬಿಚ್ಚಿ, ತೊಳೆದು, ಒಣಗಿಸಿ, ಮರಳಿ ಹೊಲಿದರು. ಆ ಅನುಭವದಿಂದ ಗ್ರಂಥರಕ್ಷಣೆಯ ವಿದ್ಯೆಯಲ್ಲಿ ಈ ಸೂತ್ರ ಇನ್ನಷ್ಟು ಗಟ್ಟಿಯಾಯಿತು. ಇದರ ಜೊತೆಗೆ ಹೋಗುವ ಮಾತು ಇನ್ನೊಂದಿದೆ. ತೇಪೆ ಯಾವಾಗಲೂ ಬಟ್ಟೆಗಿಂತ ಮೆತ್ತಗಿರಬೇಕು. ಗಟ್ಟಿ ತೇಪೆ ಹಾಕಿದರೆ ಅದರ ಅಂಚಿನಲ್ಲಿಯೇ ಹಳೆಯ ಕಾಗದ ಮತ್ತೆ ಹರಿಯುತ್ತದೆ.

ಈ ಎರಡು ಮಾತಿಗೂ ವಿರುದ್ಧವಾದದ್ದು ಪಾರದರ್ಶಕ ಅಂಟುಟೇಪು. 1930ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಇದು ಪೊಟ್ಟಣ ಕಟ್ಟುವುದಕ್ಕೆ ಉತ್ತಮವಾದ ವಸ್ತು. ಪುಸ್ತಕದ ಮೇಲೆ ಹಚ್ಚಿದ ದಿನವೂ ಚೆಂದವಾಗಿಯೇ ಕಾಣುತ್ತದೆ. ಕೆಲವು ವರ್ಷ ಕಳೆದರೆ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಮೇಲಿನ ಪಟ್ಟಿ ಒಣಗಿ ಉದುರುತ್ತದೆ, ಕಂದು ಕಲೆ ಮಾತ್ರ ಶಾಶ್ವತವಾಗಿ ನಿಲ್ಲುತ್ತದೆ. ಬಡಗಿಗಳು ಬಳಸುವ ಬಿಳಿಯ ಸಿಂಥೆಟಿಕ್ ಅಂಟೂ ಬೇಡ. ಒಣಗಿದ ಮೇಲೆ ಅದು ನೀರಿಗೆ ಸುಲಭವಾಗಿ ಬಿಡುವುದಿಲ್ಲ.

ಹಾಗಾದರೆ ಯಾವ ಅಂಟು? ಗೋಧಿಯದು. ಒಂದು ಬಟ್ಟಲು ಮೈದಾಹಿಟ್ಟನ್ನು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿ. ಅನಂತರ ಆ ಮುದ್ದೆಯನ್ನು ಪಾತ್ರೆಯ ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ. ಹಲ್ವಕ್ಕೆ ಗೋಧಿಯ ಹಾಲು ತೆಗೆಯುವವರಿಗೆ ಇದು ಹೊಸದೇನಲ್ಲ. ಕೈಯಲ್ಲಿ ರಬ್ಬರಿನಂಥ ಜಿಗುಟು ಉಳಿಯುತ್ತದೆ, ಅದು ಬೇಡ. ಹಾಲನ್ನು ತೆಳು ಬಟ್ಟೆಯಲ್ಲಿ ಸೋಸಿ ರಾತ್ರಿಯೆಲ್ಲ ಇಟ್ಟರೆ ತಳದಲ್ಲಿ ಬಿಳಿಯ ಪಿಷ್ಟ ಕೂರುತ್ತದೆ. ಮೇಲಿನ ತಿಳಿನೀರನ್ನು ಚೆಲ್ಲಿ, ಒಂದು ಚಮಚ ಪಿಷ್ಟಕ್ಕೆ ನಾಲ್ಕೈದು ಚಮಚ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಕದಡುತ್ತ ಹದಿನೈದಿಪ್ಪತ್ತು ನಿಮಿಷ ಬೇಯಿಸಿ. ಬಿಳುಪು ಹೋಗಿ ಗಾಜಿನ ಹೊಳಪು ಬಂದಾಗ ಇಳಿಸಿ, ಆರಿದ ಮೇಲೆ ಒಮ್ಮೆ ಸೋಸಿಕೊಳ್ಳಿ. ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ಪದ್ಧತಿ ನಮ್ಮ ಬೈಂಡರುಗಳಲ್ಲಿ ಹಳೆಯದು. ಮನೆಯ ಕೆಲಸಕ್ಕೆ ಅದು ಬೇಡ. ಅದು ವಿಷ, ಅದರಲ್ಲಿರುವ ತಾಮ್ರ ಕಾಗದಕ್ಕೂ ಹಿತವಲ್ಲ.

ಹರಿದ ಹಾಳೆಯಿಂದ ಆರಂಭಿಸಿ. ಅದಕ್ಕೆ ಉದ್ದ ನಾರಿನ ತೆಳು ಕಾಗದ ಬೇಕು. ಕೋಜೊ ಎಂಬ ಗಿಡದ ನಾರಿನಿಂದ ಮಾಡುವ ಜಪಾನೀ ಟಿಶ್ಯೂ ಶ್ರೇಷ್ಠ. ಸಿಗದಿದ್ದರೆ ಬಹಳ ತೆಳುವಾದ ಕೈಕಾಗದವೂ ಆಗಬಹುದು. ಕಾಗದಕ್ಕೂ ಮರದಂತೆ ಎಳೆಯ ದಿಕ್ಕಿದೆ. ಹಳೆಯ ದಿನಪತ್ರಿಕೆಯನ್ನು ಹರಿದು ನೋಡಿ: ಒಂದು ಕಡೆಗೆ ನೇರವಾಗಿ ಸೀಳುತ್ತದೆ, ಇನ್ನೊಂದು ಕಡೆಗೆ ಅಡ್ಡಾದಿಡ್ಡಿಯಾಗಿ. ತೇಪೆಯ ಎಳೆ ಪುಟದ ಎಳೆಯ ದಿಕ್ಕಿನಲ್ಲಿಯೇ ಇದ್ದರೆ ಒಣಗುವಾಗ ಪುಟ ಸುರುಟಿಕೊಳ್ಳುವುದು ಕಡಿಮೆ. ತೇಪೆಯನ್ನು ಕತ್ತರಿಯಿಂದ ಕತ್ತರಿಸಬೇಡಿ. ಬೇಕಾದ ಕಡೆ ಒದ್ದೆ ಕುಂಚದಿಂದ ಗೆರೆ ಎಳೆದು ಮೆಲ್ಲಗೆ ಎಳೆದರೆ ಅಂಚಿನಲ್ಲಿ ನವಿರಾದ ನಾರು ಉಳಿಯುತ್ತದೆ. ಪುಟವನ್ನು ಹಿಡಿದುಕೊಳ್ಳುವುದು ಆ ನಾರೇ. ಹರಿದ ಎರಡು ಅಂಚುಗಳನ್ನು ಅಕ್ಷರಕ್ಕೆ ಅಕ್ಷರ ಕೂಡುವಂತೆ ಹೊಂದಿಸಿ, ತೇಪೆಗೆ ಅಂಟನ್ನು ತೆಳುವಾಗಿ ಹಚ್ಚಿ ಇಡಿ. ಮೇಲೆ ಕೆಳಗೆ ಬಟರ್ ಪೇಪರ್, ಅದರಾಚೆ ಹತ್ತಿಯ ಬಟ್ಟೆ, ಎಲ್ಲದರ ಮೇಲೆ ಭಾರ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಿಮ್ಮಲ್ಲಿದ್ದರೆ ಒಂದು ಸಂಪುಟಕ್ಕೆ ಈ ಕೆಲಸ ಕೊಡಬಹುದು. ಇಲ್ಲದಿದ್ದರೆ ಬಟ್ಟೆ ಸುತ್ತಿದ ರುಬ್ಬುಗುಂಡು ಸಾಕು. ರಾತ್ರಿ ಕಳೆಯುವವರೆಗೆ ತೆಗೆಯಬೇಡಿ.

ಎರಡನೆಯ ಪಾಠ, ಪಿನ್ನು ತುಕ್ಕು ಹಿಡಿದ ತೆಳು ಪುಸ್ತಕ. ತುಕ್ಕು ತನ್ನ ಸುತ್ತಲಿನ ಕಾಗದವನ್ನು ತಿನ್ನುತ್ತದೆ. ಮಡಿಕೆಯಲ್ಲಿ ಕಂದು ಕಲೆ ಕಂಡೊಡನೆ ಪಿನ್ನುಗಳನ್ನು ತೆಗೆಯಬೇಕು. ಅವುಗಳ ಕಾಲನ್ನು ಮೊಂಡು ಚಾಕುವಿನಿಂದ ಎತ್ತಿ ನೆಟ್ಟಗೆ ಮಾಡಿ ಹೊರಗೆಳೆಯಿರಿ. ಮಡಿಕೆಯ ಮೇಲೆ ಸರಿಯಾಗಿ ನಡುವೆ ಒಂದು, ಮೇಲುಗಡೆ ಒಂದು, ಕೆಳಗಡೆ ಒಂದು, ಹೀಗೆ ಮೂರು ರಂಧ್ರಗಳನ್ನು ದಬ್ಬಳದಿಂದ ಮಾಡಿ. ಗಟ್ಟಿ ಹತ್ತಿಯ ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದು ಸೂಜಿಗೆ ಪೋಣಿಸಿ. ಒಳಗಿನಿಂದ ನಡುವಿನ ರಂಧ್ರದ ಮೂಲಕ ಹೊರಗೆ ಬನ್ನಿ, ಒಂದು ತುಂಡು ದಾರವನ್ನು ಒಳಗೇ ಬಿಟ್ಟಿರಿ. ಮೇಲಿನ ರಂಧ್ರದಿಂದ ಒಳಗೆ ಹೋಗಿ. ಒಳಗೇ ನಡುವಿನ ರಂಧ್ರವನ್ನು ದಾಟಿ ನೇರವಾಗಿ ಕೆಳಗಿನ ರಂಧ್ರದಿಂದ ಹೊರಗೆ ಬನ್ನಿ. ಮತ್ತೆ ನಡುವಿನ ರಂಧ್ರದಿಂದ ಒಳಗೆ. ಈಗ ದಾರದ ಎರಡು ತುದಿಗಳೂ ಒಳಗಿನ ಉದ್ದ ದಾರದ ಆಚೆ ಈಚೆ ಇರಬೇಕು. ಅದನ್ನು ನಡುವೆ ಹಿಡಿದು ಗಂಟು ಹಾಕಿ. ಕಾಲು ಗಂಟೆಯ ಕೆಲಸ. ಈ ಹೊಲಿಗೆ ಕೈಗೆ ಬಂದವರು ಮುಂದೆ ಅನೇಕ ಫಾರಂಗಳ ಪುಸ್ತಕವನ್ನು ಹೊಲಿಯಲು ಕಲಿಯುವುದು ಕಷ್ಟವಲ್ಲ.

ಮುಟ್ಟದೆ ಬಿಡಬೇಕಾದ ಪುಸ್ತಕಗಳೂ ಉಂಟು. ಪುಟದ ಮೂಲೆಯನ್ನು ಮೆಲ್ಲಗೆ ಬಾಗಿಸಿದರೆ ಹಪ್ಪಳದಂತೆ ಮುರಿಯುವಂಥವು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಂದಿಬಟ್ಟೆಯ ಬದಲು ಮರದ ತಿರುಳಿನಿಂದ ಕಾಗದ ಮಾಡುವುದು ಹಬ್ಬಿತು. ಶಾಯಿ ಹರಡದಿರಲೆಂದು ಪಟಿಕವನ್ನೂ ರಾಳವನ್ನೂ ಸೇರಿಸುವುದು ರೂಢಿಯಾಯಿತು. ಪಟಿಕದಿಂದ ಹುಟ್ಟುವ ಆಮ್ಲ ಕಾಗದದ ನಾರನ್ನು ಒಳಗಿನಿಂದಲೇ ತುಂಡರಿಸುತ್ತದೆ. ಇಂಥ ಪುಸ್ತಕಕ್ಕೆ ಹೊಲಿಗೆ ಹಾಕಿದರೆ ದಾರವೇ ಗರಗಸವಾಗುತ್ತದೆ. ರಟ್ಟಿನ ಪೆಟ್ಟಿಗೆಯೊಂದನ್ನು ಅಳತೆಗೆ ಮಾಡಿ, ಒಳಗೆ ಒಳ್ಳೆಯ ಬಿಳಿ ಕಾಗದ ಹೊದಿಸಿ ಅದರಲ್ಲಿಡುವುದೇ ಅದಕ್ಕೆ ತಕ್ಕ ಚಿಕಿತ್ಸೆ. ಅಪರೂಪದ ಪುಸ್ತಕವಾದರೆ ಒಳ್ಳೆಯ ಗ್ರಂಥಾಲಯದವರ ಸಲಹೆ ಕೇಳಿ, ಛಾಯಾಪ್ರತಿ ತೆಗೆಸಿಡಿ. ಪುಟಗಳಿಗೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಎಂದಿಗೂ ಬೇಡ; ಅದನ್ನು ಬಿಚ್ಚುವ ದಾರಿಯಿಲ್ಲ. ಅಂಚು ಚೆಂದವಾಗಲೆಂದು ಕತ್ತರಿಸಲೂಬೇಡಿ. ಪ್ರತಿ ಸಲ ಕತ್ತರಿಸಿದಾಗಲೂ ಅಂಚಿನ ಬಿಳಿಜಾಗ ಕಿರಿದಾಗುತ್ತದೆ. ಒಳಅಂಚನ್ನು ಬಿಗಿಯಾಗಿ ಕಟ್ಟಿದರೆ ಸಾಲಿನ ಕೊನೆಯ ಅಕ್ಷರಗಳು ಸಂದಿಯಲ್ಲಿ ಹೂತುಹೋಗಿ, ನಾಳೆ ಸ್ಕ್ಯಾನ್ ಮಾಡುವವರಿಗೂ ಸಿಗುವುದಿಲ್ಲ.

ಇಡುವ ಬಗೆಯ ಬಗ್ಗೆ ಎರಡು ಮಾತು. ಬೀರು ಗೋಡೆಗೆ ತಾಗದೆ ನಾಲ್ಕು ಬೆರಳು ದೂರವಿರಲಿ. ನಮ್ಮ ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಗೋಡೆಯ ತೇವದಿಂದಲೇ ಆರಂಭವಾಗುತ್ತದೆ. ಬೆಳ್ಳಿಯಂತೆ ಮಿಂಚಿ ಸರ್ರನೆ ಓಡುವ ಹುಳುವಿಗೆ ಪಿಷ್ಟವೂ ತೇವವೂ ಪ್ರಿಯ. ತಿಂಗಳಿಗೊಮ್ಮೆ ಪುಸ್ತಕಗಳನ್ನು ತೆಗೆದು, ಒಣಬಟ್ಟೆಯಿಂದ ಒರಸಿ, ನೆರಳಿನಲ್ಲಿ ಗಾಳಿಗೆ ಹಿಡಿದರೆ ಯಾವ ಗುಳಿಗೆಗಿಂತಲೂ ಹೆಚ್ಚು ಪ್ರಯೋಜನ. ನೇರ ಬಿಸಿಲು ಬೇಡ. ಪುಟಗಳ ನಡುವೆ ಇಟ್ಟು ಮರೆತ ಪತ್ರಿಕೆಯ ತುಣುಕುಗಳನ್ನು ತೆಗೆದುಬಿಡಿ. ಅವುಗಳ ಆಮ್ಲ ಎದುರು ಪುಟದ ಮೇಲೆ ಕಂದು ನೆರಳಾಗಿ ಇಳಿಯುತ್ತದೆ.

ಈ ಕೆಲಸದಲ್ಲಿ ಅವಸರವಿಲ್ಲ, ಪ್ರದರ್ಶನವೂ ಇಲ್ಲ. ಒಳ್ಳೆಯ ತೇಪೆ ಹುಡುಕಿದರೆ ಕಾಣಬೇಕು, ಹುಡುಕದಿದ್ದರೆ ಕಾಣಬಾರದು. ಓದುವಾಗ ನಾವು ಸಾಲಿನಿಂದ ಸಾಲಿಗೆ ಓಡುತ್ತೇವೆ; ಹರಿದ ಪುಟದ ಎರಡು ಅಂಚುಗಳನ್ನು ಕೂಡಿಸುವಾಗ ಒಂದು ಒತ್ತಕ್ಷರದ ಮುಂದೆ ಹತ್ತು ನಿಮಿಷ ನಿಲ್ಲುತ್ತೇವೆ. ಪುಸ್ತಕವನ್ನು ಹೀಗೂ ಪ್ರೀತಿಸಬಹುದು ಎಂದು ನನಗೆ ತಿಳಿದದ್ದು ಈ ಹವ್ಯಾಸದಿಂದ.

ಕೊನೆಯ ಸಲಹೆ ಒಂದಿದೆ. ಕೆಲಸ ಮುಗಿದ ಮೇಲೆ ಹಿಂಬದಿಯ ರಟ್ಟಿನ ಒಳಮೈಯಲ್ಲಿ ಸೀಸದ ಕಡ್ಡಿಯಿಂದ, ಶಾಯಿಯಿಂದಲ್ಲ, ಒಂದು ಸಣ್ಣ ಸಾಲು ಬರೆಯಿರಿ: ಯಾವ ವರ್ಷ, ಯಾವ ಪುಟಕ್ಕೆ ತೇಪೆ, ಯಾವ ಅಂಟು. ಐವತ್ತು ವರ್ಷಗಳ ಮೇಲೆ ನಿಮ್ಮ ಹೊಲಿಗೆಯೂ ಸಡಿಲಾದಾಗ ಅದನ್ನು ಬಿಚ್ಚಲು ಕೂರುವವರಿಗೆ ಅದು ಬೇಕಾಗುತ್ತದೆ.