ಒಣಸೀಮೆಯ ನಡುಗಡ್ಡೆಗಳು

2024ರ ಜನವರಿ ಕೊನೆಯಲ್ಲಿ ಕರ್ನಾಟಕದ ಮೂರು ಜಲನೆಲೆಗಳು ರಾಮ್ಸರ್ ಪಟ್ಟಿಗೆ ಸೇರಿದವು. ಒಂದು ಉತ್ತರ ಕನ್ನಡದ ಅಘನಾಶಿನಿ ಅಳಿವೆ, 4,801 ಹೆಕ್ಟೇರಿನ ವಿಶಾಲ ಪ್ರದೇಶ. ಇನ್ನೊಂದು ಚಳಿಗಾಲದ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆ. ಮೂರನೆಯದು ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಹೊಲಗಳಿಗೆ ನೀರುಣಿಸಲೆಂದು ಊರವರು ನೆಚ್ಚಿಕೊಂಡ ಕೆರೆ ಅದು. ವಿಸ್ತೀರ್ಣ 98.76 ಹೆಕ್ಟೇರ್, ಎಕರೆಯ ಲೆಕ್ಕದಲ್ಲಿ 244.

ಜಲನೆಲೆಗಳ ಸಂರಕ್ಷಣೆಗೆಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರಲ್ಲಿ ಸಹಿಯಾದ ಒಪ್ಪಂದಕ್ಕೆ ಭಾರತ 1982ರಲ್ಲಿ ಸೇರಿತು. ಅದರ ಪಟ್ಟಿಗೆ ಬರಲು ಹಲವು ಮಾನದಂಡಗಳಿವೆ. ನಿಯಮಿತವಾಗಿ 20,000 ಅಥವಾ ಅದಕ್ಕೂ ಹೆಚ್ಚು ನೀರುಹಕ್ಕಿಗಳಿಗೆ ಆಸರೆಯಾಗುವುದು ಒಂದು. ಯಾವುದಾದರೂ ನೀರುಹಕ್ಕಿ ಪ್ರಭೇದದ ಒಂದು ಪ್ರಾದೇಶಿಕ ಸಮೂಹದಲ್ಲಿ ಶೇ 1ರಷ್ಟಾದರೂ ಅಲ್ಲಿರುವುದು ಮತ್ತೊಂದು. ಅಂಕಸಮುದ್ರದಲ್ಲಿ ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚು. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲು ಶೇ 1ರ ಗೆರೆಯನ್ನೂ ದಾಟಿವೆ. ದಾಖಲಾದ ಹಕ್ಕಿ ಪ್ರಭೇದಗಳು 240ಕ್ಕೂ ಹೆಚ್ಚು, ಮೀನುಗಳು 41.

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ, ಬರಕ್ಕೆ ಒಗ್ಗಿಹೋದ ಸೀಮೆಯಲ್ಲಿ ಇಷ್ಟು ಹಕ್ಕಿಗಳು ಒಂದೇ ಕೆರೆಯನ್ನು ಆರಿಸಿಕೊಂಡದ್ದೇಕೆ? ಉತ್ತರ ಕೆರೆಯಂಗಳದ ಕರಿಜಾಲಿ ಮರಗಳಲ್ಲಿದೆ. ಕೆರೆ ತುಂಬಿದಾಗ ಈ ಮರಗಳ ಬುಡ ಮುಳುಗಿ, ಒಂದೊಂದು ಗುಂಪೂ ಪುಟ್ಟ ನಡುಗಡ್ಡೆಯಾಗುತ್ತದೆ. ನಾಯಿ, ನರಿ, ಕಾಡುಬೆಕ್ಕುಗಳಿಗೆ ಮೊಟ್ಟೆ ಮರಿ ಸಿಗುವುದು ದುಸ್ತರವಾಗುತ್ತದೆ. ಮುಳ್ಳಿನ ಕೊಂಬೆಗಳು ಮೇಲಿನಿಂದ ಮತ್ತೊಂದು ಕಾವಲು. ಬಣ್ಣದ ಕೊಕ್ಕರೆ ಸುಮಾರು ಒಂದು ತಿಂಗಳು ಕಾವು ಕೂರುತ್ತದೆ, ಮರಿ ಹಾರಲು ಇನ್ನೆರಡು ತಿಂಗಳು ಬೇಕು. ಅಂದರೆ ಮೊಟ್ಟೆಯಿಟ್ಟ ದಿನದಿಂದ ಮೂರು ತಿಂಗಳು ಮರದ ಬುಡದಲ್ಲಿ ನೀರು ನಿಲ್ಲಬೇಕು. ನಡುವೆ ಕೆರೆ ಬರಿದಾದರೆ ನಡುಗಡ್ಡೆ ದಡಕ್ಕೆ ಸೇರುತ್ತದೆ, ಗೂಡಿನ ಕಾವಲು ಕಳಚಿಬೀಳುತ್ತದೆ.

ಇಲ್ಲೊಂದು ತೊಡಕಿದೆ. ಗೂಡಿಗೆ ಬೇಕಾದ ನೀರು ಬೇರೆ, ಹೊಟ್ಟೆಗೆ ಬೇಕಾದ ನೀರು ಬೇರೆ. ಬಣ್ಣದ ಕೊಕ್ಕರೆ ಕಣ್ಣಿಗಿಂತ ಸ್ಪರ್ಶವನ್ನು ನಂಬಿ ಬೇಟೆಯಾಡುತ್ತದೆ. ಅರೆತೆರೆದ ಕೊಕ್ಕನ್ನು ನೀರಲ್ಲಿ ಅದ್ದಿ, ಕಾಲಿನಿಂದ ಕಲಕುತ್ತ ನಡೆಯುತ್ತದೆ. ಮೀನು ಕೊಕ್ಕಿಗೆ ತಗುಲಿದ ಕ್ಷಣ ಗಬಕ್ಕನೆ ಮುಚ್ಚುತ್ತದೆ. ಇದಕ್ಕೆ ಕಾಲು ಮುಳುಗುವಷ್ಟೇ ನೀರು ಬೇಕು. ಕೆಂಬರಲಿಗೆ ಬಾಗಿದ ಕೊಕ್ಕು ಇಳಿಯುವ ಮೆತ್ತನೆ ಕೆಸರು ಬೇಕು. ತುಂಬಿದ ಕೆರೆ ಇವೆರಡಕ್ಕೂ ದಕ್ಕುವುದಿಲ್ಲ. ಹಾಗಾಗಿ ತಾಯ್ತಂದೆ ಹಕ್ಕಿಗಳು ತುಂಗಭದ್ರಾ ಹಿನ್ನೀರಿನ ಅಂಚು, ಇಳಿಯುತ್ತಿರುವ ಅಕ್ಕಪಕ್ಕದ ಕೆರೆಗಳು, ನೀರು ನಿಂತ ಗದ್ದೆಗಳಂಥ ಕಡೆಗಳನ್ನು ಅರಸಿ ಹಾರಬೇಕು. ಅಂಕಸಮುದ್ರ ಬಾಣಂತಿಯ ಕೋಣೆಯಾದರೆ ಅಡುಗೆಮನೆ ಊರಾಚೆ ಹತ್ತಾರು ಕಡೆ ಹಂಚಿಹೋಗಿದೆ.

ನಡುಗಡ್ಡೆಗಳ ಜೀವಜಾಲವನ್ನು ಲೆಕ್ಕಕ್ಕೆ ತಂದವರು ಜೀವವಿಜ್ಞಾನಿಗಳಾದ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್. 1967ರ ಅವರ ಸಿದ್ಧಾಂತದ ತಿರುಳು ಸರಳ: ಒಂದು ನಡುಗಡ್ಡೆಯಲ್ಲಿ ಎಷ್ಟು ಪ್ರಭೇದಗಳಿರುತ್ತವೆ ಎಂಬುದನ್ನು ಹೊಸದಾಗಿ ಬಂದು ಸೇರುವವು ಮತ್ತು ಅಲ್ಲೇ ಅಳಿದುಹೋಗುವವುಗಳ ನಡುವಿನ ಸಮತೋಲ ನಿರ್ಧರಿಸುತ್ತದೆ. ನಡುಗಡ್ಡೆ ಚಿಕ್ಕದಾದಷ್ಟೂ ಅಳಿವು ಹೆಚ್ಚು, ದೂರವಾದಷ್ಟೂ ಬರುವವು ಕಡಿಮೆ. ನೆಲದ ಮೇಲಿನ ತುಂಡು ಕಾಡು, ತುಂಡು ಗುಡ್ಡಗಳಿಗೂ ಈ ಲೆಕ್ಕವನ್ನು ಅನ್ವಯಿಸಿ ನೋಡಿದ ವಿಜ್ಞಾನಿಗಳಿಗೆ ಒಂದು ತಿದ್ದುಪಡಿ ಬೇಕಾಯಿತು. ಕಡಲಿನ ನೀರು ಎಲ್ಲೆಡೆ ಒಂದೇ, ನೆಲದಲ್ಲಿ ಹಾಗಲ್ಲ. ಎರಡು ಗುಡ್ಡಗಳ ನಡುವೆ ಇರುವುದು ಸಜ್ಜೆಯ ಹೊಲವೋ, ಗೋಮಾಳವೋ, ಕಲ್ಲುಕ್ವಾರಿಯೋ, ನಾಲ್ಕು ಪಥದ ಹೆದ್ದಾರಿಯೋ ಎಂಬುದರ ಮೇಲೆ ಆ ದೂರ ಹಿಗ್ಗುತ್ತದೆ, ಕುಗ್ಗುತ್ತದೆ.

ಅದೇ ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಇದು ಕಣ್ಣಿಗೆ ಕಾಣುವ ಸಂಗತಿ. ಬಂಡೆ ಮೇಲೆ ಬಂಡೆ ಪೇರಿಸಿದಂತಿರುವ ಗ್ರಾನೈಟ್ ಗುಡ್ಡಗಳು, ಅವುಗಳ ಸುತ್ತ ಶೇಂಗಾ, ಮೆಕ್ಕೆಜೋಳದ ಹೊಲಗಳು. ಗುಡ್ಡದ ಗವಿಗಳಲ್ಲಿ ಕರಡಿಗಳು. 2013ರಲ್ಲಿ ಇಲ್ಲಿನ 38.48 ಚದರ ಕಿಲೋಮೀಟರ್ ಕರಡಿಧಾಮವಾಯಿತು. 2019ರಲ್ಲಿ ಅದನ್ನು ಸುಮಾರು 168 ಚದರ ಕಿಲೋಮೀಟರಿಗೆ ಹಿಗ್ಗಿಸಲಾಯಿತು. ನಮ್ಮ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲ. ಆ ಸಂದಿಯಿಂದಲೇ ಅದು ಹುತ್ತದ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಬಾರೆ, ಕವಳೆ, ನೇರಳೆ ಹಣ್ಣು ಬಿಟ್ಟಾಗ ಅವೇ ಊಟ. ಹಗಲಿಗೆ ಗವಿಯ ತಂಪು, ರಾತ್ರಿಗೆ ಮೇವಿನ ಅಲೆದಾಟ. ಒಂದು ಗುಡ್ಡದ ಹುತ್ತ, ಹಣ್ಣು ವರ್ಷವಿಡೀ ಸಾಲುವುದಿಲ್ಲವಾದ್ದರಿಂದ ಹೊಲ ದಾಟಿ ಮತ್ತೊಂದು ಗುಡ್ಡಕ್ಕೆ ಹೋಗಲೇಬೇಕು. ದಾರಿಯಲ್ಲಿ ಶೇಂಗಾ ಸಿಕ್ಕರೆ ಬಿಡುವ ಪ್ರಾಣಿಯಲ್ಲ. ನಸುಕಿನಲ್ಲಿ ಹೊಲಕ್ಕೆ ಹೊರಟವರಿಗೆ ಎದುರಾದರೆ, ಬೆದರಿದ ಕರಡಿ ಓಡುವುದಕ್ಕಿಂತ ಮೇಲೆ ಬೀಳುವುದೇ ಹೆಚ್ಚು.

ಧಾಮದ ಗಡಿ ಹಿಗ್ಗಿದ್ದರಿಂದ ಹೆಚ್ಚು ಗುಡ್ಡಗಳಿಗೆ ರಕ್ಷಣೆ ಸಿಕ್ಕಿತು. ಗುಡ್ಡಗಳ ನಡುವಿನ ನೆಲದ ತೀರ್ಮಾನಗಳು ಮಾತ್ರ ಬಹುಪಾಲು ಪಂಚಾಯಿತಿ, ಕಂದಾಯ, ಗಣಿ ಇಲಾಖೆಗಳಲ್ಲಿ ಆಗುತ್ತವೆ. ಸೀಳಿದ ಬಂಡೆಗುಡ್ಡ ಮತ್ತೆ ಬೆಳೆಯುವುದಿಲ್ಲ. ಗವಿ ಹೋದರೆ ಹೋಯಿತು. ಹಳ್ಳದ ಅಂಚಿನ ಪೊದೆ, ಗೋಮಾಳದ ಬಾರೆ ಗಿಡ ಉಳಿದರೆ ಕರಡಿ ಹೊಲಕ್ಕೆ ಇಳಿಯದೆ ಸುತ್ತಿ ಹೋಗಲು ಒಂದು ದಾರಿಯಿರುತ್ತದೆ. ಮನೆಗೊಂದು ಶೌಚಾಲಯ, ಪಂಪ್‌ಸೆಟ್ಟಿಗೆ ರಾತ್ರಿಯ ಬದಲು ಹಗಲು ಕರೆಂಟು ಇಂಥವೂ ವನ್ಯಜೀವಿ ಯೋಜನೆಯ ಭಾಗವೇ. ಮನುಷ್ಯರೂ ಕರಡಿಯೂ ಕತ್ತಲಲ್ಲಿ ಮುಖಾಮುಖಿಯಾಗುವ ಸಂದರ್ಭಗಳನ್ನು ಅವು ತಗ್ಗಿಸುತ್ತವೆ.

ಊರಿನವರನ್ನು ಕೂರಿಸಿಕೊಂಡು ಯೋಜಿಸುವ ಚೌಕಟ್ಟು ಕಾನೂನಿನಲ್ಲಿ ಇಲ್ಲದಿಲ್ಲ. ಅಂಕಸಮುದ್ರ ರಾಮ್ಸರ್ ಪಟ್ಟಿಗೆ ಬರುವ ಮೊದಲೇ ಸಂರಕ್ಷಣಾ ಮೀಸಲು ಆಗಿತ್ತು. ಅಭಯಾರಣ್ಯಕ್ಕಿಂತ ಮೃದುವಾದ ಈ ವರ್ಗವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿಸಿದ್ದು 2002ರ ತಿದ್ದುಪಡಿ. ಸರ್ಕಾರಿ ಜಾಗವನ್ನು ಸ್ಥಳೀಯರೊಂದಿಗೆ ಸಮಾಲೋಚಿಸಿ ಹೀಗೆ ಘೋಷಿಸಬಹುದು. ಅದಕ್ಕೊಂದು ನಿರ್ವಹಣಾ ಸಮಿತಿ ಇರಬೇಕು: ಅರಣ್ಯ ಇಲಾಖೆಯವರು ಸದಸ್ಯ ಕಾರ್ಯದರ್ಶಿ, ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಂದ ತಲಾ ಒಬ್ಬರು. ಸಮಿತಿಯ ಕೆಲಸ ಸಲಹೆ ನೀಡುವುದು. ಈ ಪಟ್ಟಿಯಲ್ಲಿ ಎದ್ದು ಕಾಣುವ ಕೊರತೆಯೊಂದಿದೆ. ನೀರಾವರಿ ಇಲಾಖೆಗೂ ಮೀನುಗಾರಿಕೆ ಇಲಾಖೆಗೂ ಇಲ್ಲಿ ಕುರ್ಚಿಯಿಲ್ಲ. ಕಾಡನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮ ಕೆರೆಗೆ ಬಂದಾಗ ಆಗುವುದೇ ಹೀಗೆ.

ಇತ್ತ ಜೌಗುಭೂಮಿಗಳ ಕುರಿತ 2017ರ ಕೇಂದ್ರ ನಿಯಮಗಳು ನೀರಾವರಿಗೆಂದು ಕಟ್ಟಿದ ಕೆರೆಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ರಾಮ್ಸರ್ ಮುದ್ರೆಯಿಂದಾಗಿ ಅಂಕಸಮುದ್ರಕ್ಕೆ ಸಿಕ್ಕ ಗಮನ, ಅದರ ಹಕ್ಕಿಗಳು ಮೇಯಲು ಹೋಗುವ ನೆರೆಯ ಕೆರೆಗಳಿಗೆ ಸಿಗುವುದಿಲ್ಲ. ಕಾಗದದಲ್ಲೂ ಅದು ನಡುಗಡ್ಡೆಯೇ.

ಹಾಗಾದರೆ ಯೋಜನೆ ಎಲ್ಲಿಂದ ಶುರುವಾಗಬೇಕು? ತೂಬಿನಿಂದ. ಕೆರೆಯ ನೀರನ್ನು ಯಾವಾಗ, ಎಷ್ಟು ಬಿಡಬೇಕೆಂದು ನೋಡಿಕೊಳ್ಳಲು ನಮ್ಮ ಹಳ್ಳಿಗಳಲ್ಲಿ ನೀರಗಂಟಿಗಳಿದ್ದರು. ಅಚ್ಚುಕಟ್ಟಿನ ಬೆಳೆ ನೋಡಿ ಅವರು ತೂಬು ಎತ್ತುತ್ತಿದ್ದರು. ಈಗ ಆ ಲೆಕ್ಕಕ್ಕೆ ಗೂಡುಗಳನ್ನೂ ಸೇರಿಸಿಕೊಳ್ಳಬೇಕು. ಮರಿಗಳು ಹಾರುವವರೆಗೆ ಇಂತಿಷ್ಟು ಅಡಿ ನೀರು ಉಳಿಯಬೇಕು ಎಂಬ ಗುರುತು, ಆಮೇಲೆ ನೀರು ಮೆಲ್ಲಗೆ ಇಳಿಯಲು ಬಿಡುವ ವೇಳಾಪಟ್ಟಿ ಇವು ಕೆರೆಯ ಏರಿ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿರಬೇಕು.

ನೀರು ಇಳಿಯುವುದೂ ಅಷ್ಟೇ ಮುಖ್ಯ. ಏತ ನೀರಾವರಿಯ ಕಾಲದಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಈ ಸೀಮೆಯ ಹಳೆಯ ಹಂಬಲ. ಅಂತರ್ಜಲಕ್ಕೆ, ಬೆಳೆಗೆ ಅದು ಬೇಕು. ಆದರೆ ವರ್ಷವಿಡೀ ತುಂಬಿರುವ ಕೆರೆ ಹಕ್ಕಿಗಳಿಗೆ ವರವೇ ಆಗಬೇಕೆಂದಿಲ್ಲ. ಕರಿಜಾಲಿ ಕೆಲವು ತಿಂಗಳ ಮುಳುಗಡೆ ತಾಳುತ್ತದೆ, ಬಿಡುವಿಲ್ಲದ ಮುಳುಗಡೆಯಲ್ಲಿ ಸೊರಗಿ ಸಾಯುತ್ತದೆ. ಸಾವಿರಾರು ಹಕ್ಕಿಗಳ ಹಿಕ್ಕೆಯೂ ಮರವನ್ನು ಸುಡುತ್ತದೆ. ಹೊಸ ಸಸಿ ಏಳಬೇಕಾದರೆ ಕೆರೆಯಂಗಳ ಬಯಲಾಗಬೇಕು. ಜಾಲಿ ಕಾಯಿ ಮೆದ್ದ ಆಡು ಕುರಿಗಳ ಹಿಕ್ಕೆಯಲ್ಲಿ ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ. ಅದೇ ಆಡು ಮರುತಿಂಗಳು ಬಂದು ಸಸಿಯನ್ನೂ ಮೇಯುತ್ತದೆ. ಆದ್ದರಿಂದ ಕುರಿಗಾಹಿಗಳನ್ನು ಹೊರಗಟ್ಟುವ ಬದಲು, ಯಾವ ಮೂಲೆಯಲ್ಲಿ ಎರಡು ಮೂರು ಬೇಸಿಗೆ ಮೇಯಿಸಬಾರದೆಂದು ಅವರೊಂದಿಗೆ ಕೂತು ಗೊತ್ತುಮಾಡಿಕೊಳ್ಳುವುದು ಜಾಣತನ. ಈಗಿನ ಮರಗಳೆಲ್ಲ ಒಟ್ಟಿಗೆ ಮುಪ್ಪಾದರೆ ಮುಂದಿನ ಗೂಡುಗಳಿಗೆ ಕೊಂಬೆಗಳೇ ಇರುವುದಿಲ್ಲ.

ಊರಿಗೆ ಇದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಕ್ಕಿ ಹಿಕ್ಕೆಯ ಸಾರಜನಕ, ರಂಜಕ ನೀರಿನೊಂದಿಗೆ ಹೊಲಕ್ಕೆ ಹರಿಯುತ್ತವೆ, ಅದೊಂದು ಲಾಭ. ಆದರೆ ತೂಬು ತಡವಾಗಿ ಎತ್ತಿದ್ದರಿಂದ ಕಡೆಯ ಮಡಿಯ ರೈತನಿಗೆ ನಷ್ಟವಾದರೆ ಗೊಬ್ಬರದ ಮಾತು ಅವನನ್ನು ಸಮಾಧಾನಪಡಿಸದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿಗಳಿಗೆ ಬಿಟ್ಟುಕೊಟ್ಟ ಹುಣಸೆ ಮರಗಳಿಗಾಗಿ ಮರದ ಒಡೆಯರಿಗೆ ಸರ್ಕಾರ ಹಣ ನೀಡುವ ರೂಢಿ ಅಲ್ಲಿ ಬೆಳೆಯಿತು. ಮರಕ್ಕೆ ಕೊಟ್ಟ ಪರಿಹಾರವನ್ನು ನೀರಿಗೂ ವಿಸ್ತರಿಸಬಹುದು. ರಾಮ್ಸರ್ ಒಪ್ಪಂದ ಕೇಳುವುದೂ ಬೇಲಿಯನ್ನಲ್ಲ, ವಿವೇಕದ ಬಳಕೆಯನ್ನು.

ಮಳೆ ಚೆನ್ನಾದ ವರ್ಷ ಯಾವ ಯೋಜನೆಯೂ ಚೆನ್ನಾಗಿಯೇ ಕಾಣುತ್ತದೆ. ಅರ್ಧ ಕೆರೆ ಮಾತ್ರ ತುಂಬಿದ ವರ್ಷ, ಬೆಳೆಯೂ ಒಣಗುತ್ತ ಮರಿಗಳೂ ಗೂಡಲ್ಲಿರುವಾಗ, ಉಳಿದ ನೀರು ಯಾರಿಗೆ ಎಂಬುದನ್ನು ಆ ಹೊತ್ತಿನ ಜಗಳದಲ್ಲಿ ತೀರ್ಮಾನಿಸಲಾಗದು. ಅಷ್ಟು ಅಡಿ ಹಕ್ಕಿಗೆ, ಇಷ್ಟು ಅಡಿ ಹೊಲಕ್ಕೆ, ನಷ್ಟಕ್ಕೆ ಇಷ್ಟು ಹಣ ಎಂದು ನೀರಿರುವ ವರ್ಷವೇ ಗ್ರಾಮಸಭೆಯಲ್ಲಿ ಬರೆದಿಡಬೇಕು. ಆ ಸಭೆಗೆ ಅರಣ್ಯ ಇಲಾಖೆಯವರ ಜೊತೆ ತೂಬಿನ ಕೀಲಿ ಹಿಡಿದವರೂ ಬರಬೇಕು.