ಮಗುವಿನ ವಾಕ್‌ಚಿಕಿತ್ಸೆಯೂ ಮನೆಮಾತೂ: ಪುತ್ತೂರು, ಸುಳ್ಯ, ಕಡಬ ಪರಿಸರವನ್ನು ಕುರಿತು ಕೆಲವು ವಿಚಾರಗಳು

ಮಾತು ತಡವಾದ ಮಗುವೊಂದು ವಾರಕ್ಕೊಮ್ಮೆ ಮುಕ್ಕಾಲು ಗಂಟೆಯ ಕಾಲ ವಾಕ್‌ಚಿಕಿತ್ಸಕರ ಬಳಿ ಕಳೆಯುತ್ತದೆಂದು ಭಾವಿಸೋಣ. ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಾಗಿರುವ ಮಗುವಿಗೆ ವಾರದಲ್ಲಿ 84 ಗಂಟೆಗಳಾದುವು. ಅದರಲ್ಲಿ ಚಿಕಿತ್ಸೆಗೆ ಸಲ್ಲುವುದು ನೂರರಲ್ಲಿ ಒಂದು ಪಾಲೂ ಅಲ್ಲ, ಉಳಿದುದೆಲ್ಲ ಮನೆಯದು. ಆದುದರಿಂದ ಚಿಕಿತ್ಸೆಯ ಫಲವನ್ನು ವಿಚಾರಿಸುವವರು ಮನೆಯೊಳಗಿನ ಮಾತನ್ನೇ ಮೊದಲು ಗಮನಿಸಬೇಕಾಗುತ್ತದೆ.

ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿ ಪುತ್ತೂರು, ಸುಳ್ಯಗಳನ್ನು ಹಾದು ಸಂಪಾಜೆಯ ಘಟ್ಟವನ್ನೇರುತ್ತದೆ. ಅದರ ಪೂರ್ವದ ಕೊನೆಯಲ್ಲಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಪಶ್ಚಿಮಕ್ಕೆ, ಮಂಗಳೂರಿನಲ್ಲಿ, ಇದೇ ಶಾಸ್ತ್ರವನ್ನು ಬೋಧಿಸುವ ಕಾಲೇಜುಗಳಿವೆ. ಕಡಬದ ಒಳಗ್ರಾಮಗಳಿಂದ ಇವೆರಡೂ ದೂರ. ಕೂಲಿಯಿಂದ ಬದುಕುವ ಕುಟುಂಬಕ್ಕೆ ಒಂದು ಭೇಟಿಯೆಂದರೆ ಒಂದು ದಿನದ ಸಂಪಾದನೆಯ ನಷ್ಟ. ಹೀಗಾಗಿ ಮನೆಯ ಪಾತ್ರ ಇಲ್ಲಿ ಮತ್ತಷ್ಟು ಹಿರಿದಾಗುತ್ತದೆ.

ಆದರೆ ಆ ಮನೆಯಲ್ಲಿ ಆಡುವ ಭಾಷೆ ಯಾವುದು? ಈ ಮೂರು ತಾಲೂಕುಗಳಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳಗಳನ್ನಾಡುವ ಮನೆಗಳು ಒತ್ತೊತ್ತಿಗೆ ಇವೆ. 1964ರ ಭಾರತ–ಸಿಂಹಳ ಒಪ್ಪಂದದ ತರುವಾಯ ಬಂದು ರಬ್ಬರ್ ತೋಟಗಳಲ್ಲಿ ನೆಲೆಸಿದವರ ಮನೆಮಾತು ತಮಿಳು. ಮಗುವಿನ ಮಾತು ತಡವಾದೊಡನೆ, “ಭಾಷೆಗಳ ಗೊಂದಲವೇ ಕಾರಣ; ಮನೆಮಾತನ್ನು ಬಿಟ್ಟು ಕನ್ನಡವನ್ನೋ ಇಂಗ್ಲಿಷನ್ನೋ ಮಾತ್ರ ಆಡಿರಿ” ಎಂದು ಹಿತೈಷಿಗಳು ಹೇಳುವುದುಂಟು. ಈ ಉಪದೇಶಕ್ಕೆ ಆಧಾರವಿಲ್ಲ. ಎರಡು ಮೂರು ಭಾಷೆಗಳನ್ನು ಕೇಳುತ್ತ ಬೆಳೆಯುವುದರಿಂದ ವಾಗ್ದೋಷ ಹುಟ್ಟುವುದಿಲ್ಲವೆಂಬುದು ಈಗ ತಜ್ಞರ ಸಾಮಾನ್ಯ ಅಭಿಪ್ರಾಯ. ಅದಕ್ಕಿಂತ ಹೆಚ್ಚಾಗಿ, ಆ ಉಪದೇಶವನ್ನು ಪಾಲಿಸಹೊರಟರೆ ತುಳು ಮಾತ್ರ ಬಲ್ಲ ಅಜ್ಜಿ ಮೊಮ್ಮಗುವಿನೆದುರು ಮೂಕಳಾಗುತ್ತಾಳೆ. ಮಾತಿನ ಬಡತನವಿರುವ ಮಗುವಿನ ಪಾಲಿಗೆ ಇದ್ದ ಮಾತೂ ಇಲ್ಲದಂತಾಗುತ್ತದೆ.

ಪರೀಕ್ಷಿಸುವಾಗಲೂ ಇದೇ ಎಚ್ಚರಿಕೆ ಬೇಕು. “ನೀರ್ ಬೋಡು” ಎಂದು ತುಳುವಿನಲ್ಲಿ ಕೇಳುವ ಮಗು ಎರಡು ಪದಗಳನ್ನು ಜೋಡಿಸಿದೆ. ಕನ್ನಡದಲ್ಲಿ ಹೇಳಲಿಲ್ಲವೆಂದು ಅದನ್ನು ಲೆಕ್ಕದಿಂದ ಬಿಡಲಾಗದು. ಬಲ್ಲ ಪದಗಳನ್ನು ಎಲ್ಲ ಭಾಷೆಗಳಿಂದಲೂ ಕೂಡಿಸಿ ಎಣಿಸತಕ್ಕದ್ದು. ಹವ್ಯಕರ ಮನೆಯ ಮಗು “ಅಕ್ಕ ಬಂತು” ಎಂದರೆ ಅದು ಲಿಂಗದೋಷವಲ್ಲ, ಆ ನುಡಿಯ ವ್ಯಾಕರಣ. ಮಹಾಪ್ರಾಣಗಳ ವಿಷಯವೂ ಹಾಗೆಯೇ: ಹಿರಿಯರೇ ಆಡದ ಧ್ವನಿಯನ್ನು ಮೂರು ವರ್ಷದ ಮಗುವಿನಿಂದ ಅಪೇಕ್ಷಿಸುವುದು ನ್ಯಾಯವಲ್ಲ.

ಇನ್ನು ಅಭ್ಯಾಸದ ರೀತಿ. ಮಗುವನ್ನು ಎದುರಿಗೆ ಕೂರಿಸಿಕೊಂಡು “ಸರಿಯಾಗಿ ಹೇಳು, ಇನ್ನೊಮ್ಮೆ ಹೇಳು” ಎಂದು ಒತ್ತಾಯಿಸುವುದರಿಂದ ಬರುವುದು ಮಾತಲ್ಲ, ಮುನಿಸು. ಮಗು “ತಾಗೆ” ಎಂದರೆ, “ಹೌದು, ಕಾಗೆ! ಕಾಗೆ ಹಾರಿಹೋಯಿತು” ಎಂದು ಸರಿಯಾದ ರೂಪವನ್ನು ಸಹಜವಾಗಿ ಕೇಳಿಸಿದರೆ ಸಾಕು. “ಹಾಲು” ಎಂದೊಡನೆ ಲೋಟವನ್ನು ಕೈಗಿಡದೆ “ಬಿಸಿ ಹಾಲು ಬೇಕೋ, ತಣ್ಣಗಿನ ಹಾಲು ಬೇಕೋ?” ಎಂದು ಕೇಳಿ ಸುಮ್ಮನೆ ಕಾಯಬೇಕು. ಈ ಕಾಯುವಿಕೆಯೇ ಕಠಿನವಾದ ಭಾಗ. ತುಂಬಿದ ಮನೆಯಲ್ಲಿ ಮಗು ಬಾಯಿ ತೆರೆಯುವುದರೊಳಗೆ ಅದರ ಪರವಾಗಿ ಉತ್ತರಿಸಲು ನಾಲ್ಕು ಜನ ಸಿದ್ಧರಿರುತ್ತಾರೆ! ಬಚ್ಚಲಿನ ಸ್ನಾನ, ಹಟ್ಟಿಯ ಕರುವಿಗೆ ಹುಲ್ಲು ಹಾಕುವುದು, ಅಂಗಳದ ಅಡಕೆಯನ್ನು ಮಳೆಗೆ ಮುನ್ನ ಬಾಚುವುದು, ಇವೆಲ್ಲ ದಿನದಿನವೂ ಅದೇ ಪದಗಳೊಡನೆ ಮರಳುವ ಕೆಲಸಗಳು. ಆಟಿ ತಿಂಗಳ ಚೆನ್ನೆಮಣೆಯಾಟದಲ್ಲಿ ಸರದಿಯೂ ಎಣಿಕೆಯೂ ತಾವಾಗಿ ಬರುತ್ತವೆ. ತೊದಲುವ ಮಗುವಿಗಾದರೆ “ನಿಧಾನ, ಉಸಿರೆಳೆದುಕೊ” ಎನ್ನುವುದಕ್ಕಿಂತ ಹಿರಿಯರೇ ನಿಧಾನವಾಗಿ ಮಾತಾಡುವುದು ಮೇಲು.

ಈ ಹೊರೆಯೆಲ್ಲ ತಾಯಿಯ ಹೆಗಲಿಗೇ ಬೀಳುವುದು ನಮ್ಮಲ್ಲಿ ವಾಡಿಕೆ. ಫಲ ಕಾಣದಿದ್ದರೆ ದೂರೂ ಅವಳ ಮೇಲೆಯೇ. ತಂದೆ ರಾತ್ರಿಯ ಊಟದ ಹೊತ್ತಿಗೆ ಹತ್ತು ನಿಮಿಷ ಮಾತಾಡಿದರೆ ಅದೂ ಚಿಕಿತ್ಸೆಯೇ.

“ಅವನ ಅಪ್ಪನಿಗೂ ತಡವಾಗಿಯೇ ಮಾತು ಬಂದದ್ದು” ಎಂಬ ಸಮಾಧಾನ, ನಾಲಗೆಗೆ ಬಜೆ ತೇಯ್ದು ಹಚ್ಚುವ ರೂಢಿ, ಇವುಗಳಿಂದ ಮಾತು ಬರುವುದಿಲ್ಲ. ಅಮೂಲ್ಯವಾದ ಕಾಲ ಹೋಗುತ್ತದೆ. ಎರಡು ವರ್ಷ ದಾಟಿದರೂ ಯಾವ ಭಾಷೆಯಲ್ಲಿಯೂ ಎರಡು ಪದಗಳನ್ನು ಜೋಡಿಸದ ಮಗುವಿನ ಶ್ರವಣಶಕ್ತಿಯನ್ನು ಮೊದಲು ಪರೀಕ್ಷಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುವ ಏರ್ಪಾಡಿದೆ. ಶ್ರವಣಸಾಧನ ಪಡೆದ ಮಗು ಎಚ್ಚರವಿರುವಷ್ಟು ಹೊತ್ತೂ ಅದನ್ನು ಧರಿಸಿರಬೇಕು. ಸ್ನಾನಕ್ಕೆ ಮಾತ್ರ ತೆಗೆಯಬೇಕು. ನಮ್ಮ ಮಳೆಗಾಲದ ತೇವ ಆ ಯಂತ್ರಕ್ಕೆ ಶತ್ರು. ರಾತ್ರಿ ಅದನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಬೇಕು. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ದೂರದಿಂದ ಕೂಗಿ ಪ್ರಯೋಜನವಿಲ್ಲ, ಹತ್ತಿರ ಕುಳಿತೇ ಮಾತಾಡಬೇಕು.

ಕೆಲವು ಮಕ್ಕಳಿಗೆ ಮಾತು ಪೂರ್ಣವಾಗಿ ಬಾರದಿರಬಹುದು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಈ ಜಿಲ್ಲೆಯಲ್ಲಿ ಸಂತ್ರಸ್ತರಿಗಾಗಿ ಕೊಕ್ಕಡದಲ್ಲಿಯೂ ಈಗಿನ ಕಡಬ ತಾಲೂಕಿನ ಕೊಯಿಲದಲ್ಲಿಯೂ ಪಾಲನಾ ಕೇಂದ್ರಗಳನ್ನು ತೆರೆಯಬೇಕಾಯಿತೆಂಬುದನ್ನು ವಾಚಕರು ಬಲ್ಲರು. ಮಾತು ಬಾರದ ಮಗುವಿಗೆ ಸನ್ನೆಯೂ ಚಿತ್ರಫಲಕವೂ ಭಾಷೆಯೇ. ಅವುಗಳನ್ನು ಬಳಸಿದರೆ ಬರುವ ಮಾತೂ ನಿಂತೀತೆಂಬ ಅಂಜಿಕೆ ನಿರಾಧಾರ. ಫಲಕಕ್ಕೆ ಅಂಗಡಿಯ ಬಣ್ಣದ ಚಿತ್ರಗಳೇ ಬೇಕೆಂದಿಲ್ಲ. ಆ ಮನೆಯದೇ ತಟ್ಟೆ, ಚೊಂಬು, ಚಾಪೆ, ಬಾವಿಕಟ್ಟೆ, ಅಜ್ಜಿಯ ಮುಖ, ಇವುಗಳ ಭಾವಚಿತ್ರಗಳನ್ನು ಒಂದು ರಟ್ಟಿಗೆ ಅಂಟಿಸಿ, ಮಗುವಿನ ಕೈಗೆಟಕುವಷ್ಟು ಎತ್ತರದಲ್ಲಿ ಗೋಡೆಗೆ ತೂಗುಹಾಕಿದರಾಯಿತು.